ಅಕ್ಕನ ಗಾರ್ಮೆಂಟ್ಸ್ ಮುಂದೆ ಧರಣಿ ಅಂತ ಗೊತ್ತಾಗಿ ಪೊಲೀಸ್ ಜೀಪ್ ಬಂದು ಹೋಯ್ತು. ಈಗ ಏನು ಮಾಡಬೇಕು?

ಹೊಂಗಸಂದ್ರದ ಹುಡುಗ:

ನಮಸ್ಕಾರ. ಇಲ್ಲಿ ವಕೀಲರು, ಯೂನಿಯನ್ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಆಗಿದೆ.

ನಮ್ಮಕ್ಕ ಹೊಸೂರು ರೋಡ್ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಕಂಪನಿ ಹೆಸರು ಬೇಡ. ಸೇರಿ 9 ವರ್ಷ ಆಯ್ತು, ಕಾಲರ್ ಕೂರಿಸೋ ಕೆಲಸ. ನಾಲ್ಕು ತಿಂಗಳಿಂದ ಒಂದು ಹೊಸ ಆಟ ಶುರು ಮಾಡಿದ್ದಾರೆ. ಐದೂವರೆಗೆ ಎಲ್ಲರ ಕೈಲೂ ಪಂಚ್ ಮಾಡಿಸುತ್ತಾರೆ, ಆಮೇಲೆ ಟಾರ್ಗೆಟ್ ಮುಗಿದಿಲ್ಲ ಅಂತ ವಾಪಸ್ ಲೈನಿಗೆ ಕೂರಿಸುತ್ತಾರೆ. ಮುಕ್ಕಾಲು ಗಂಟೆ, ಒಂದೊಂದು ದಿನ ಒಂದೂಕಾಲು ಗಂಟೆ. ಲೆಕ್ಕದಲ್ಲಿ ಓಟಿ, ಅಂದರೆ ಓವರ್‌ಟೈಮ್, ಇಲ್ಲವೇ ಇಲ್ಲ, ಹಾಗಾಗಿ ಓಟಿ ದುಡ್ಡೂ ಇಲ್ಲ. ಕೇಳಿದ ಇಬ್ಬರು ಹೆಂಗಸರನ್ನು ಬೇರೆ ಯೂನಿಟ್‌ಗೆ ಎತ್ತಿ ಹಾಕಿದರು. ಅಲ್ಲಿಗೆ ಹೋಗಬೇಕಾದರೆ ಎರಡು ಬಸ್ ಬದಲಾಯಿಸಬೇಕು. ಅದರಲ್ಲಿ ಒಬ್ಬರಿಗೆ ಎರಡು ವರ್ಷದ ಮಗು ಇದೆ.

ಇದರಿಂದ ಬೇಜಾರಾಗಿ ಸುಮಾರು 60 ಜನ ಬರೋ ಸೋಮವಾರ ಬೆಳಗ್ಗೆ ಒಳಗೆ ಹೋಗದೆ ಗೇಟ್ ಮುಂದೆ ಕೂರೋಣ ಅಂತ ಮಾತಾಡಿಕೊಂಡಿದ್ದಾರೆ. ಯಾರು ಬಾಯಿ ಬಿಟ್ಟರೋ ಗೊತ್ತಿಲ್ಲ. ಗುರುವಾರ ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ಸರಿಯಾಗಿ ಜೀಪ್ ಬಂದು ನಿಂತಿದೆ. ಇಳಿದವರು "ಯಾರಮ್ಮ ಲೀಡರ್?" ಅಂತ ಕೇಳಿದರಂತೆ. ಯಾರೂ ಮಾತಾಡಲಿಲ್ಲ. ಆಮೇಲೆ ಹೊರಗೆ ಬರುತ್ತಿದ್ದವರ ಮುಖಕ್ಕೆಲ್ಲ ಫೋನ್ ಹಿಡಿದು ವಿಡಿಯೋ ಮಾಡಿಕೊಂಡು, ನಾಳೆ ಬರುವಾಗ ಆಧಾರ್ ಜೆರಾಕ್ಸ್ ತನ್ನಿ ಅಂದಿದ್ದಾರೆ. ಹೋಗುವಾಗ ಒಬ್ಬರು "ಹೆಣ್ಮಕ್ಕಳು ಮಾನವಾಗಿ ಮನೆಗೆ ಹೋಗಿ, ಆಮೇಲೆ ಅತ್ತರೆ ಏನೂ ಬರಲ್ಲ" ಅಂತ ಹೇಳಿ ಹೋದರಂತೆ.

ಈಗ ಮನೆಯಲ್ಲಿ ಗಲಾಟೆ. ಅಮ್ಮನೂ ಗಾರ್ಮೆಂಟ್ಸ್‌ನಲ್ಲೇ ಇದ್ದವರು. 2016ರ ಪಿಎಫ್ ಗಲಾಟೆಯಲ್ಲಿ ಬಲಗೈ ಮೊಣಕೈ ಮೇಲೆ ಲಾಠಿ ಬಿತ್ತು. ಇವತ್ತಿಗೂ ಅನ್ನದ ಕುಕ್ಕರ್ ಇಳಿಸಬೇಕಾದರೆ ಎಡಗೈಯಲ್ಲೇ ಇಳಿಸುತ್ತಾರೆ. "ಮನೆಗೊಬ್ಬಳು ತಿಂದಿದ್ದು ಸಾಕು, ನೀನು ಹೋಗಂಗಿಲ್ಲ" ಅಂತ ಅಕ್ಕನ ಜೊತೆ ಮೂರು ದಿನದಿಂದ ಮಾತು ಬಿಟ್ಟಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಸುಮ್ನೆ ಕೂತವರನ್ನು ಹೊಡೆಯೋಕೆ ಪೊಲೀಸರಿಗೆ ಅಧಿಕಾರ ಇದೆಯಾ? ಕರೆದುಕೊಂಡು ಹೋದರೆ ನಾವು ಏನು ಮಾಡಬೇಕು? ಆಧಾರ್ ಕೊಡಬೇಕಾ? ಭಾಷಣ ಬೇಡ, ಅನುಭವ ಇದ್ದವರು ಹೇಳಿ.

ಹಳೇ ಚೆಕ್ಕಿಂಗ್ ಅಕ್ಕ:

ತಮ್ಮಾ, ನಿಮ್ಮಮ್ಮನ ಮೊಣಕೈ ವಿಷಯ ಓದಿ ನನ್ನ ಬೆನ್ನು ಚುರ್ ಅಂತು. ನಾನೂ ಅವತ್ತು ಅಲ್ಲೇ ಇದ್ದೆ, ಬೊಮ್ಮನಹಳ್ಳಿಯಲ್ಲಿ. ಆಗ ಚೆಕ್ಕಿಂಗ್‌ನಲ್ಲಿದ್ದೆ, ಈಗ ಬಿಟ್ಟು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೀನಿ.

ಇಲ್ಲಿ ಓದೋ ಚಿಕ್ಕವರಿಗೆ ಗೊತ್ತಿರಲ್ಲ, ಹೇಳಿಬಿಡ್ತೀನಿ. 2016ರ ಫೆಬ್ರವರಿ 10ಕ್ಕೆ ಪಿಎಫ್ ನಿಯಮ ಬದಲಾಯಿಸಿದರು. ನಮ್ಮ ಸಂಬಳದಲ್ಲಿ 12 ಪರ್ಸೆಂಟ್ ಹಿಡಿಯುತ್ತಾರಲ್ಲ, ಕಂಪನಿಯೂ 12 ಹಾಕುತ್ತೆ. ಕಂಪನಿ ಹಾಕಿದ್ದರಲ್ಲಿ 8.33 ಪೆನ್ಷನ್‌ಗೆ ಹೋಗುತ್ತೆ, ಉಳಿದ 3.67 ನಮ್ಮ ಪಿಎಫ್‌ಗೆ. ಆ ಕಂಪನಿ ಪಾಲನ್ನು 58 ವರ್ಷ ಆಗೋವರೆಗೂ ಮುಟ್ಟಂಗಿಲ್ಲ ಅಂದರು. ಈ ಲೆಕ್ಕವನ್ನೂ ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. "ಪಿಎಫ್ ದುಡ್ಡು ಇನ್ನು ಕೈಗೆ ಸಿಗಲ್ವಂತೆ" ಅಂತಷ್ಟೇ ಲೈನಿಂದ ಲೈನಿಗೆ ಬಂತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಇರುತ್ತಾರೆ ಹೇಳಿ? 40 ದಾಟಿದರೆ ಸೂಜಿಗೆ ದಾರ ಕಾಣಲ್ಲ. ನಾವು ನಾಲ್ಕೈದು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು ಮನೆ ಲೀಸಿಗೋ ಮಗಳ ಮದುವೆಗೋ ಹಾಕಿ, ಮತ್ತೆ ಬೇರೆ ಕಡೆ ಸೇರೋ ಜನ. ಸಂಘದ ಸಾಲ ತೀರೋದೂ ಅದರಲ್ಲೇ.

ಏಪ್ರಿಲ್ 18, ಸೋಮವಾರ. ಲೀಡರ್ ಇಲ್ಲ, ಬಾವುಟ ಇಲ್ಲ, ಮೈಕ್ ಇಲ್ಲ. ಒಂದು ಫ್ಯಾಕ್ಟರಿಯವರು ಹೊರಗೆ ಬಂದರು, ಅವರನ್ನು ನೋಡಿ ಪಕ್ಕದವರು, ಹೊಸೂರು ರೋಡ್ ತುಂಬಿಹೋಯಿತು. ತಲೆ ಮೇಲೆ ಇನ್ನೂ ದಾರದ ಚೂರು ಅಂಟಿಕೊಂಡಿತ್ತು ಎಲ್ಲರಿಗೂ, ಕೊರಳಲ್ಲಿ ಐಡಿ ಕಾರ್ಡ್. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕ್ರಾಸ್, ಹೆಬ್ಬಗೋಡಿ ಎಲ್ಲ ಕಡೆ ಹಬ್ಬಿತು. ಲಾಠಿ, ಆಮೇಲೆ ಅಶ್ರುವಾಯು. ಒಣಮೆಣಸಿನಕಾಯಿ ಸೀದುಹೋದಾಗ ಅಡುಗೆಮನೆಯಲ್ಲಿ ಆಗುತ್ತಲ್ಲ, ಅದರ ಹತ್ತರಷ್ಟು. ನಾನು ಬಾಟಲಿ ನೀರಲ್ಲಿ ವೇಲ್ ಒದ್ದೆ ಮಾಡಿ ಮುಖಕ್ಕೆ ಹಿಡಿದುಕೊಂಡು ಓಡಿದೆ. ಹಿಂದಿನಿಂದ ಎರಡು ಬಿತ್ತು, ಸೊಂಟದ ಮೇಲೊಂದು, ತೊಡೆಗೊಂದು. ಹೊಡೆದವನು ಗಂಡಸು. ಹೆಣ್ಣು ಪೊಲೀಸರು ಇದ್ದರು, ಎಲ್ಲೋ ಅಲ್ಲೊಬ್ಬರು ಇಲ್ಲೊಬ್ಬರು.

ರಸ್ತೆ ಖಾಲಿ ಆದಮೇಲೆ ನೋಡಿದರೆ ಬರೀ ಚಪ್ಪಲಿ. ಒಂಟಿ ಒಂಟಿ ಚಪ್ಪಲಿ, ನೂರಾರು. ನಾನು ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ಯಾರದ್ದೋ ಹಾಕಿಕೊಂಡು ಮನೆಗೆ ನಡೆದೆ. ಆ ಯಾರದ್ದೋ ಚಪ್ಪಲಿ ತುಂಬಾ ದಿನ ಎಸೆಯೋಕೆ ಮನಸ್ಸು ಬರಲಿಲ್ಲ ನನಗೆ.

19ರ ಸಂಜೆಗೇ ಡೆಲ್ಲಿಯಲ್ಲಿ ಕಾರ್ಮಿಕ ಸಚಿವರು ಬಂಡಾರು ದತ್ತಾತ್ರೇಯ ಆ ನಿಯಮ ವಾಪಸ್ ಅಂತ ಹೇಳಿದರು. ಎರಡೇ ದಿನ. ನಾವು ಗೆದ್ದೆವು ಅಂತ ಎಲ್ಲರೂ ಬರೆದರು, ನಿಜಾನೇ. ಆದರೆ ಆಮೇಲಿನದು ಯಾರೂ ಬರೆಯಲಿಲ್ಲ. ನಮ್ಮ ವಠಾರದಲ್ಲಿ ಒಬ್ಬ ಹುಡುಗ, ಗಾರ್ಮೆಂಟ್ಸ್‌ನವನೇ ಅಲ್ಲ, ವಾಟರ್ ಕ್ಯಾನ್ ಹಾಕೋನು. ವಿಡಿಯೋದಲ್ಲಿ ಕಾಣ್ತಾನೆ ಅಂತ ರಾತ್ರಿ ಬಂದು ಎತ್ತಿಕೊಂಡು ಹೋದರು. ಜಾಮೀನಿಗೆ ಪಹಣಿ ಇರೋ ಶ್ಯೂರಿಟಿ ಬೇಕು ಅಂದಾಗ ಅವರಮ್ಮ ಮಾಗಡಿ ಕಡೆಯ ಊರಿಗೆ ಹೋಗಿ ಭಾವನ ಕಾಲು ಹಿಡಿದು ಕರೆದುಕೊಂಡು ಬಂದರು. ಆಮೇಲೆ ವಾಯಿದೆ, ವಾಯಿದೆ, ವಾಯಿದೆ. ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ ಹೋಯ್ತು.

ಒಂದು ತಪ್ಪು ನಾನು ಮಾಡಿದೆ, ನಿಮ್ಮಕ್ಕ ಮಾಡೋದು ಬೇಡ. ಏಟು ಬಿದ್ದಮೇಲೆ ನಾನು ಇಎಸ್‌ಐ ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಹೆಸರು ಬರೆದುಕೊಳ್ಳುತ್ತಾರೆ ಅಂತ ಭಯ. ಮನೆಯಲ್ಲೇ ಬಿಸಿನೀರು, ಅರಿಶಿನ. ಹಾಗಾಗಿ ನನಗೆ ಏಟು ಬಿತ್ತು ಅನ್ನೋದಕ್ಕೆ ಇವತ್ತು ನನ್ನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ನಿಮ್ಮಮ್ಮನ ಹತ್ತಿರ ಏನಾದರೂ ಚೀಟಿ ಇದೆಯಾ ಕೇಳು.

ಕೋರ್ಟ್ ಹಾಲ್ ಹೊರಗೆ:

ವಕೀಲ. ಹತ್ತು ವರ್ಷದಿಂದ ಲೇಬರ್ ಕೇಸು ನೋಡುತ್ತಿದ್ದೇನೆ. ಸೆಕ್ಷನ್ ನಂಬರ್ ಹೇಳ್ತೀನಿ, ಬರೆದುಕೊಳ್ಳಿ. ಸ್ಟೇಷನ್‌ನಲ್ಲಿ ಸೆಕ್ಷನ್ ಹೇಳಿದರೆ ಮಾತಿನ ಧಾಟಿನೇ ಬದಲಾಗುತ್ತೆ. ಯಾವಾಗಲೂ ಅಲ್ಲ, ಕೆಲವು ಸಲ.

ಮೊದಲು ಒಂದು ಕೆಟ್ಟ ಸುದ್ದಿ. ಸೋಮವಾರ ಡ್ಯೂಟಿ ಹೊತ್ತಲ್ಲಿ 60 ಜನ ಒಳಗೆ ಹೋಗದೆ ಕೂರೋದು ಬೇಡ. ಮೊದಲಾದರೆ ನೋಟಿಸ್ ಕೊಟ್ಟೇ ಮುಷ್ಕರ ಮಾಡಬೇಕು ಅನ್ನೋ ನಿಯಮ ನೀರು, ಕರೆಂಟ್, ಬಸ್ಸಿನಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಈಗ ಎಲ್ಲ ಕಾರ್ಖಾನೆಗೂ ಕನಿಷ್ಠ 14 ದಿನ ಮುಂಚೆ ನೋಟಿಸ್ ಬೇಕು. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಿಗೆ ಸಿಎಲ್ (ಕ್ಯಾಶುಯಲ್ ರಜೆ) ಹಾಕಿದರೂ ಅದನ್ನು ಮುಷ್ಕರ ಅಂತಲೇ ಲೆಕ್ಕ ಹಿಡಿಯುತ್ತಾರೆ. ನೋಟಿಸ್ ಇಲ್ಲದ ಮುಷ್ಕರಕ್ಕೆ ದಂಡ ಇದೆ, ಒಂದು ತಿಂಗಳವರೆಗೆ ಜೈಲೂ ಇದೆ. ಇದು ಸರಿಯಾ ಅಂತ ನನ್ನನ್ನು ಕೇಳಿದರೆ ಸರಿಯಿಲ್ಲ ಅಂತೀನಿ, ಆದರೆ ಕಾನೂನು ಈಗ ಹೀಗಿದೆ. ಮ್ಯಾನೇಜ್‌ಮೆಂಟ್ ಕಾಯ್ತಾ ಇರೋದೂ ಇದಕ್ಕೇ. ಓಟಿ ಕದ್ದವರು ಅವರು, ಆದರೆ ಮಂಗಳವಾರ ಬೆಳಗ್ಗೆ ಕಾನೂನು ಮುರಿದವರು ನೀವಾಗಿರುತ್ತೀರಿ.

ಹಾಗಂತ ಮುಷ್ಕರ ಕಾನೂನುಬಾಹಿರ ಆದರೆ ಹೊಡೆಯಬಹುದು ಅಂತ ಅರ್ಥ ಅಲ್ಲ. ಅದಕ್ಕೆ ಶಿಕ್ಷೆ ಏನಿದ್ದರೂ ಕೋರ್ಟ್ ಕೊಡಬೇಕು, ರಸ್ತೆಯಲ್ಲಿ ಲಾಠಿ ಕೊಡಂಗಿಲ್ಲ. ಗುಂಪು ಚದುರಿಸೋ ಅಧಿಕಾರ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) ಸೆಕ್ಷನ್ 148ರಲ್ಲಿದೆ. ಮುಂದೆ ಹೇಳೋ ನಂಬರ್‌ಗಳೂ ಇದರದ್ದೇ. ಅದರ ಕ್ರಮ ನೋಡಿ: ಗುಂಪು ಕಾನೂನುಬಾಹಿರ ಆಗಿರಬೇಕು, ಇಲ್ಲಾ ಶಾಂತಿ ಕದಡೋ ಹಾಗಿರಬೇಕು. ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನವರು ಚದುರಿ ಅಂತ ಆದೇಶ ಕೊಡಬೇಕು. ಕೇಳದಿದ್ದರೆ ಆಮೇಲೆ ಬಲ, ಅದೂ ಚದುರಿಸೋಕೆ ಎಷ್ಟು ಬೇಕೋ ಅಷ್ಟು. ಓಡಿಹೋಗುತ್ತಿರೋ ಹೆಂಗಸಿನ ಸೊಂಟಕ್ಕೆ ಹೊಡೆಯೋದು ಚದುರಿಸೋದಲ್ಲ. ಅವಳು ಆಗಲೇ ಚದುರಿದ್ದಾಳೆ.

ಇನ್ನು ಹಿಡಿದುಕೊಂಡು ಹೋದರೆ. ಸೂರ್ಯ ಮುಳುಗಿದ ಮೇಲೆ, ಹುಟ್ಟೋದಕ್ಕೆ ಮುಂಚೆ ಹೆಂಗಸರನ್ನು ಬಂಧಿಸಂಗಿಲ್ಲ. ತುಂಬಾ ವಿಶೇಷ ಸಂದರ್ಭ ಅಂದರೆ ಮಹಿಳಾ ಅಧಿಕಾರಿ ಇರಬೇಕು, ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಅದು 43(5). ಮನೆಯವರಿಗೆ ತಿಳಿಸಬೇಕು, 48. ವಕೀಲರನ್ನು ನೋಡೋಕೆ ಬಿಡಬೇಕು, 38. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು, 58. ಡಾಕ್ಟರ್ ತಪಾಸಣೆ, 53. ಈ 53ನ್ನು ಬಿಡಲೇಬೇಡಿ. ಡಾಕ್ಟರ್ ಮುಂದೆ ಪೊಲೀಸರು ನಿಂತಿದ್ದರೂ "ಇಲ್ಲಿ, ಇಲ್ಲಿ, ಇಲ್ಲಿ ಹೊಡೆದರು" ಅಂತ ಬಾಯಿ ಬಿಟ್ಟು ಹೇಳಬೇಕು. ಮ್ಯಾಜಿಸ್ಟ್ರೇಟ್ ಕೇಳದಿದ್ದರೂ ಹೇಳಬೇಕು.

ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, 2021ರ ಜನವರಿಯಲ್ಲಿ ಹರಿಯಾಣದ ಕುಂಡ್ಲಿಯಲ್ಲಿ ಕಾರ್ಮಿಕರ ಬಾಕಿ ಸಂಬಳ ಕೇಳುತ್ತಿದ್ದ ನೊದೀಪ್ ಕೌರ್, ಶಿವಕುಮಾರ್ ಅನ್ನೋ ಇಬ್ಬರು ಕಾರ್ಯಕರ್ತರನ್ನು ಹಿಡಿದರು. ಇಬ್ಬರೂ ದಲಿತರು. ಶಿವಕುಮಾರ್‌ಗೆ ಏನೂ ಆಗಿಲ್ಲ ಅಂತಿದ್ದರು. ಹೈಕೋರ್ಟ್ ಹೇಳಿ ಚಂಡೀಗಢದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದಾಗ ಕೈಕಾಲಿನ ಮೂಳೆ ಮುರಿದಿರೋದು ಹೊರಗೆ ಬಂತು. ಆ ಒಂದು ವರದಿ ಇಲ್ಲದಿದ್ದರೆ ಅವರ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಲಾಠಿಗಿಂತ ನನಗೆ ಭಯ ಇರೋದು ಎಫ್‌ಐಆರ್ ಬಗ್ಗೆ. ಅದರಲ್ಲಿ ನಾಲ್ಕು ಹೆಸರು ಬರೆದು "ಹಾಗೂ ಇತರೆ 200 ಜನ" ಅಂತ ಹಾಕುತ್ತಾರೆ. ಆ "ಇತರೆ" ಇದೆಯಲ್ಲ, ಅದು ತೆರೆದಿಟ್ಟ ಬಾಗಿಲು. ಆಮೇಲೆ ಯಾರನ್ನು ಬೇಕಾದರೂ ಅದರೊಳಗೆ ತಳ್ಳಬಹುದು. ಮೇಲೆ ಅಕ್ಕ ಹೇಳಿದ ವಾಟರ್ ಕ್ಯಾನ್ ಹುಡುಗನ ಕಥೆ ಇದೇ ಇರಬೇಕು. ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ 2012ರಲ್ಲಿ ಗಲಾಟೆಯಾಗಿ ಒಬ್ಬ ಮ್ಯಾನೇಜರ್ ಜೀವ ಹೋಯಿತು. ಅದು ಘೋರವೇ. ಆದರೆ ಹಿಡಿದದ್ದು 148 ಕಾರ್ಮಿಕರನ್ನು. 2017ರಲ್ಲಿ ತೀರ್ಪು ಬಂದಾಗ 117 ಜನ ನಿರಪರಾಧಿಗಳು ಅಂತಾಯಿತು. ಅದರಲ್ಲಿ ತುಂಬಾ ಜನ ಆಗಲೇ ವರ್ಷಗಟ್ಟಲೆ ಜೈಲಲ್ಲಿ ಕಳೆದಿದ್ದರು. ಆ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ಆಧಾರ್ ಬಗ್ಗೆ: ಕೇಸು ಇಲ್ಲ, ನೋಟಿಸ್ ಇಲ್ಲ, ಗೇಟ್ ಹತ್ತಿರ ನಿಂತು ಜೆರಾಕ್ಸ್ ಕೇಳಿದರೆ ಕೊಡಬೇಕಾಗಿಲ್ಲ. ಜಗಳ ಆಡಬೇಡಿ. "ಬರವಣಿಗೆಯಲ್ಲಿ ಕೇಳಿ ಸಾರ್, ಕೊಡ್ತೀವಿ" ಅನ್ನಿ, ಸಾಕು. ಸಾಮಾನ್ಯವಾಗಿ ಬರವಣಿಗೆಯಲ್ಲಿ ಕೇಳಲ್ಲ.

ಮತ್ತೆ ಬೆಂಗಳೂರು ನಗರದಲ್ಲಿ 2021ರ ಆದೇಶದ ಪ್ರಕಾರ ಧರಣಿ, ಮೆರವಣಿಗೆ ಎಲ್ಲ ಫ್ರೀಡಂ ಪಾರ್ಕ್‌ನಲ್ಲೇ ಆಗಬೇಕು, ಪರವಾನಗಿ ತಗೊಂಡು. ಕಾರ್ಖಾನೆ ಇರೋದು ಹೊಸೂರು ರೋಡಲ್ಲಿ, ಕೂಗಬೇಕಾದ್ದು ಗಾಂಧಿನಗರದಲ್ಲಿ. ಮ್ಯಾನೇಜರ್ ಕಿವಿಗೆ ಕೇಳೋದು ಹೇಗೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.

ಸಿಲ್ಕ್ ಬೋರ್ಡ್ ಸಂತ್ರಸ್ತ:

ಎಲ್ಲರೂ ಒಂದೇ ಕಡೆ ಮಾತಾಡ್ತಿದ್ದೀರ. 2016ರಲ್ಲಿ ನಾನು ಆ ಟ್ರಾಫಿಕ್‌ನಲ್ಲಿ ಆರು ಗಂಟೆ ಸಿಕ್ಕಿಕೊಂಡಿದ್ದೆ. ಹಿಂದೆ ಆಂಬುಲೆನ್ಸ್ ಕೂಗ್ತಾನೇ ಇತ್ತು. ಬಸ್ಸು ಸುಟ್ಟರು, ಹೆಬ್ಬಗೋಡಿ ಸ್ಟೇಷನ್ ಹತ್ತಿರ ನಿಲ್ಲಿಸಿದ್ದ ಗಾಡಿಗಳಿಗೆ ಬೆಂಕಿ ಇಟ್ಟರು. ಪೊಲೀಸರು ಇನ್ನೇನು ಆರತಿ ಎತ್ತಬೇಕಿತ್ತಾ? ನಿಮ್ಮ ಹಕ್ಕು ಸರಿ, ನಮಗೂ ಮನೆ ಮಠ ಇದೆ ಅಲ್ವಾ?

ಹಳೇ ಚೆಕ್ಕಿಂಗ್ ಅಕ್ಕ:

ಆಂಬುಲೆನ್ಸ್ ವಿಷಯ ಹೇಳಿದ್ದು ಸರಿ ಅಣ್ಣ. ಅದು ನನಗೂ ಹೊಟ್ಟೆಯೊಳಗೆ ಇದೆ. ನಾವೇ ಎರಡು ಗಾಡಿಗೆ ದಾರಿ ಬಿಡಿಸಿದೆವು, ಎಲ್ಲ ಕಡೆ ಬಿಟ್ಟರಾ ಅಂದರೆ ಹೇಳೋಕಾಗಲ್ಲ.

ಆದರೆ ಬಸ್ಸು ಸುಟ್ಟಿದ್ದು ನಾನಲ್ಲ. ಟಿಫಿನ್ ಡಬ್ಬಿ ಹಿಡಿದುಕೊಂಡು ಬಂದ ಹೆಂಗಸರ ಹತ್ತಿರ ಪೆಟ್ರೋಲ್ ಎಲ್ಲಿಂದ ಬರುತ್ತೆ? ಬೆಂಕಿ ಇಟ್ಟವನನ್ನು ಹಿಡಿಯಿರಿ, ಶಿಕ್ಷೆ ಕೊಡಿಸಿ, ಬೇಡ ಅಂದವರು ಯಾರು. ಅವನು ಓಡಿಹೋದ, ಓಡೋಕೆ ಬರದವರ ಮೇಲೆ ಬಿತ್ತು. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಆ ನಿಯಮ ವಾಪಸ್ ತಗೊಂಡದ್ದು ನಮಗೆ ಮಾತ್ರ ಅಲ್ಲ. ದೇಶದಲ್ಲಿ ಪಿಎಫ್ ಇರೋರಿಗೆಲ್ಲ. ನೀವು ಐಟಿಯವರಾಗಿದ್ದರೆ ನಿಮ್ಮ ಪಿಎಫ್‌ಗೂ ಸೇರಿಸಿಯೇ ನಾನು ಏಟು ತಿಂದಿದ್ದೀನಿ.

ಸಿಲ್ಕ್ ಬೋರ್ಡ್ ಸಂತ್ರಸ್ತ:

ಅದು ನನಗೆ ಹೊಳೆದಿರಲಿಲ್ಲ. ಸರಿ ಅಕ್ಕ.

ಕ್ವಾರ್ಟರ್ಸ್ ಮನೆ:

ನಾನು ಬರೆಯೋದಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡಿದೆ. ನಮ್ಮ ಯಜಮಾನರು ಕೆಎಸ್‌ಆರ್‌ಪಿ, ಅಂದರೆ ರಾಜ್ಯ ಮೀಸಲು ಪೊಲೀಸ್. 2016ರಲ್ಲಿ ಅವರ ತುಕಡಿಯನ್ನೂ ಹೊಸೂರು ರೋಡ್‌ಗೆ ಹಾಕಿದ್ದರು.

ನೀವು ಅಂದುಕೊಂಡ ಹಾಗೆ ಬೆಳಗ್ಗೆ ಎದ್ದು ಇವತ್ತು ಹೆಂಗಸರಿಗೆ ಹೊಡೀಬೇಕು ಅಂತ ಯಾರೂ ಹೋಗಲ್ಲ. ಹಿಂದಿನ ದಿನ ಎಲ್ಲೋ ಬಂದೋಬಸ್ತ್ ಮುಗಿಸಿ, ರಾತ್ರಿ ವ್ಯಾನಲ್ಲೇ ಮಲಗಿ, ಪೊಟ್ಟಣದ ಚಿತ್ರಾನ್ನ ತಿಂದು ಬಿಸಿಲಲ್ಲಿ ನಿಂತಿರುತ್ತಾರೆ. ಮೂತ್ರಕ್ಕೂ ಬಿಡಲ್ಲ. ಕಲ್ಲು ಬೀಳುತ್ತೆ, ಮೇಲಿಂದ ಚಾರ್ಜ್ ಅಂತ ಬರುತ್ತೆ. ಆಗ ಮುಂದೆ ಯಾರಿದ್ದಾರೆ ಅಂತ ನೋಡೋ ತಲೆ ಇರಲ್ಲ ಅಂತಾರೆ ಅವರು. ಇದು ನೆಪ ಅಂತ ನೀವು ಅನ್ನಬಹುದು. ನಾನೂ ಅವರ ಮುಂದೆನೇ ಅಂದಿದ್ದೀನಿ. ನಮ್ಮತ್ತೆ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ದುಡಿದೇ ಅವರನ್ನು ಓದಿಸಿದ್ದು. ಅವತ್ತು ರಾತ್ರಿ ಮನೆಗೆ ಬಂದು ಅತ್ತೆ ಮುಖ ನೋಡದೆ ಮಲಗಿಬಿಟ್ಟರು. ಅತ್ತೆಯೂ ಏನೂ ಕೇಳಲಿಲ್ಲ, ಬೆಳಗ್ಗೆ ಎದ್ದು ರೊಟ್ಟಿ ತಟ್ಟಿ ಕೊಟ್ಟರು.

ಒಂದು ವಿಷಯ ಇಲ್ಲಿ ಯಾರಿಗೂ ನೆನಪಿಲ್ಲ ಅನ್ಸುತ್ತೆ. ಆ ಗಲಾಟೆ ಆಗಿ ಒಂದೂವರೆ ತಿಂಗಳಿಗೆ, 2016ರ ಜೂನ್ 4ಕ್ಕೆ, ಕರ್ನಾಟಕದ ಪೊಲೀಸರೇ ಸಾಮೂಹಿಕ ರಜೆ ಹಾಕ್ತೀವಿ ಅಂದಿದ್ದರು. ಸಂಬಳ ಕಡಿಮೆ, ವಾರದ ರಜೆ ಇಲ್ಲ, ಮೇಲಿನವರ ಕಿರುಕುಳ. ನಿಮ್ಮಕ್ಕನ ಕಷ್ಟ ಏನಿದೆಯೋ ಅದೇ. ಏನಾಯ್ತು? ಮುಂದಾಳು ಆಗಿದ್ದವರನ್ನು ದೇಶದ್ರೋಹದ ಕೇಸು ಹಾಕಿ ಒಳಗೆ ಹಾಕಿದರು. ಸರ್ಕಾರದ ಅನುಮತಿ ಇಲ್ಲದೆ ಪೊಲೀಸರು ಯೂನಿಯನ್ ಕಟ್ಟಂಗಿಲ್ಲ, ಅದಕ್ಕೆ 1966ರಿಂದಲೇ ಕಾನೂನಿದೆ. ನಮ್ಮನೆಯವರೂ ರಜೆ ಅರ್ಜಿ ಬರೆದಿಟ್ಟಿದ್ದರು. ನಾನೇ ಹರಿದು ಹಾಕಿದೆ. ಮಕ್ಕಳು ಚಿಕ್ಕವರಿದ್ದರು.

ನಿನ್ನ ಪ್ರಶ್ನೆಗೆ ಉಪಯೋಗ ಆಗೋ ಮಾತು ಹೇಳ್ತೀನಿ ತಮ್ಮಾ. ಗೊತ್ತಿಲ್ಲದ ಗುಂಪಿನ ಮೇಲೆ ಕೈ ಬೇಗ ಏಳುತ್ತೆ. ಮುಂಚೆನೇ ಸ್ಟೇಷನ್‌ಗೆ ನಾಲ್ಕು ಹೆಂಗಸರು ಹೋಗಿ ಅರ್ಜಿ ಕೊಟ್ಟು, ಇಂಥ ದಿನ ಇಷ್ಟು ಜನ ಇಷ್ಟು ಹೊತ್ತು ಅಂತ ಹೇಳಿ ಬನ್ನಿ. ಮಹಿಳಾ ಸಿಬ್ಬಂದಿ ಬೇಕು ಅಂತ ಅರ್ಜಿಯಲ್ಲೇ ಬರೆಯಿರಿ. ಕಲ್ಲು ಹಿಡಿಯೋನು ಯಾವನಾದರೂ ಒಳಗೆ ಸೇರಿಕೊಂಡರೆ ನೀವೇ ಕೂಗಿ ಹೊರಗೆ ಕಳಿಸಿ. ಮಫ್ತಿಯವನೇ ಇರಬಹುದು, ಯಾರ ಕಡೆಯವನೋ ಇರಬಹುದು.

ಮಾರಿಕುಪ್ಪಂ ಲಾಸ್ಟ್ ಸ್ಟಾಪ್:

ಕೆಜಿಎಫ್‌ನವನು. ನಮ್ಮ ತಾತ, ಮುತ್ತಾತ ಇಬ್ಬರೂ ಗಣಿಯಲ್ಲಿ ಕೆಳಗೆ ಇಳಿದವರು. ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ, ತಪ್ಪಿದ್ದರೆ ಕ್ಷಮಿಸಿ.

ಆಧಾರ್ ಜೆರಾಕ್ಸ್ ಕೇಳಿದರು ಅಂತ ಓದಿದ ತಕ್ಷಣ ನನಗೆ 1930 ನೆನಪಾಯ್ತು. ಆಗ ಗಣಿ ಬ್ರಿಟಿಷ್ ಕಂಪನಿಯದು, ಕಾನೂನು ಮೈಸೂರು ಸಂಸ್ಥಾನದ್ದು. ಚಿನ್ನ ಕಳ್ಳತನ ಆಗ್ತಿದೆ ಅಂತ ಎಲ್ಲ ಕೂಲಿಗಳೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಅಂತ ತಂದರು. ನಮ್ಮವರು ಬಹುತೇಕ ದಲಿತರು, ಓದು ಇಲ್ಲದವರು. ಆದರೂ ಅದರ ಅರ್ಥ ಒಂದೇ ದಿನಕ್ಕೆ ತಿಳಿಯಿತು: ಬೆರಳಚ್ಚು ತೆಗೆಯೋದು ಕಳ್ಳರದ್ದು, ಹಾಗಾದರೆ ನಾವೆಲ್ಲ ಈಗಿನಿಂದಲೇ ಕಳ್ಳರು. ಆ ಏಪ್ರಿಲ್‌ನಲ್ಲಿ ಸಾವಿರಾರು ಜನ 21 ದಿನ ಗಣಿಗೆ ಇಳಿಯಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಯೂನಿಯನ್ ಅನ್ನೋದೇ ಇರಲಿಲ್ಲ ಆಗ. ಕೊನೆಗೆ ಬೆರಳಚ್ಚು ಬಿಡಬೇಕಾಯ್ತು.

1946ರ ಹೊತ್ತಿಗೆ ಯೂನಿಯನ್ ಬಂದಿತ್ತು. ಆ ವರ್ಷ ನವೆಂಬರ್ 4ಕ್ಕೆ ಪೊಲೀಸರ ಗುಂಡಿಗೆ ಆರು ಜನ ಕಾರ್ಮಿಕರು ಸತ್ತರು. ನಮ್ಮೂರಲ್ಲಿ ಇವತ್ತಿಗೂ ನವೆಂಬರ್ 4 ಬಂದರೆ ಕೆಂಪು ಬಾವುಟ ಹಿಡಿದು ಹೂ ಹಾಕುತ್ತಾರೆ. ಚಿಕ್ಕವನಿದ್ದಾಗ ತಾತನ ಹೆಗಲ ಮೇಲೆ ಕೂತು ಹೋಗಿದ್ದೇನೆ. ತಾತ ಆರೂ ಹೆಸರು ಬಾಯಿಪಾಠ ಹೇಳೋರು. ಗಣಿ 2001ರಲ್ಲಿ ಮುಚ್ಚಿಹೋಯ್ತು. ಈಗ ನಮ್ಮ ಹುಡುಗರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗೋಡೌನ್. ಯೂನಿಯನ್ ಅಂದರೆ ನಗುತ್ತಾರೆ.

ನಮ್ಮ ಜಿಲ್ಲೆಯದ್ದೇ ನರಸಾಪುರ ನೋಡಿ. ಆಗ ಐಫೋನ್ ಮಾಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ಕ್ಕೆ ಸಂಬಳದ ವಿಷಯಕ್ಕೆ ಗಲಾಟೆ ಆಯ್ತು. ಗಾಜು ಒಡೆದರು, ಅದು ತಪ್ಪೇ. ಮೊದಲು ದೂರಿನಲ್ಲಿ 437 ಕೋಟಿ ನಷ್ಟ ಅಂದರು, ಟಿವಿಯಲ್ಲೆಲ್ಲ ಅದೇ ನಂಬರ್. ಆಮೇಲೆ ಕಂಪನಿಯೇ 26ರಿಂದ 43 ಕೋಟಿ ಅಂತ ಇಳಿಸಿತು. ಕೆಲವರಿಗೆ ಸಂಬಳ ಸರಿಯಾಗಿ ಕೊಟ್ಟಿರಲಿಲ್ಲ ಅಂತ ಒಪ್ಪಿಕೊಂಡು ಕ್ಷಮೆಯೂ ಕೇಳಿತು. ಆದರೆ ಅಷ್ಟೊತ್ತಿಗೆ ನೂರಕ್ಕೂ ಜಾಸ್ತಿ ಹುಡುಗರು ಒಳಗಿದ್ದರು. ಐಟಿಐ, ಡಿಪ್ಲೊಮಾ ಮುಗಿಸಿ ಕಾಂಟ್ರ್ಯಾಕ್ಟ್‌ನಲ್ಲಿ ಸೇರಿದ ಹುಡುಗರು. ಪೊಲೀಸ್ ವೆರಿಫಿಕೇಶನ್ ಅಂದಾಗ ಅವರಿಗೆ ಇನ್ನು ಯಾವ ಕಂಪನಿ ಕೆಲಸ ಕೊಡುತ್ತೆ?

ಹೊಂಗಸಂದ್ರದ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಇದನ್ನೆಲ್ಲ ಮನೆಯಲ್ಲಿ ಜೋರಾಗಿ ಓದಿದೆ. ಚಪ್ಪಲಿ ವಿಷಯ ಬಂದಾಗ ಅಮ್ಮ ಎದ್ದು ಒಳಗೆ ಹೋದರು. ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಒಳಗೆ ಅವರ ಹಳೇ ಐಡಿ ಕಾರ್ಡ್, ಪಿಎಫ್ ಚೀಟಿ, ಮತ್ತೆ ಒಂದು ಪ್ರೈವೇಟ್ ಕ್ಲಿನಿಕ್‌ನ ಚೀಟಿ. "ಬಿದ್ದು ಪೆಟ್ಟಾಗಿದೆ" ಅಂತ ಬರೆದಿದೆ. ಅಮ್ಮನೇ ಹಾಗೆ ಹೇಳಿದ್ದರಂತೆ.

ಸೋಮವಾರದ್ದು ಬೇಡ ಅಂತ ಅಕ್ಕನ ಬ್ಯಾಚಿನವರು ಒಪ್ಪಿದ್ದಾರೆ. ಬೈದುಕೊಂಡೇ ಒಪ್ಪಿದರು. ಗಾರ್ಮೆಂಟ್ಸ್ ಯೂನಿಯನ್ ಒಂದರ ಜೊತೆ ಮಾತಾಡಿದ್ದಾರೆ. ಮೊದಲು ಬನ್ನೇರುಘಟ್ಟ ರೋಡಿನ ಕಾರ್ಮಿಕ ಭವನಕ್ಕೆ ಓಟಿ ದೂರು, ಓಟಿಗೆ ಡಬಲ್ ಸಂಬಳ ಅಂತ ಕಾನೂನು ಇರೋದರಿಂದ ಅದು ಗಟ್ಟಿ ಅಂತೆ. ಅದರ ಜೊತೆಗೇ ನೋಟಿಸ್. ಈಗ ಒಬ್ಬೊಬ್ಬರೂ ಪಂಚ್ ಆದಮೇಲೆ ಎಷ್ಟು ಹೊತ್ತು ಕೂರಿಸಿದರು ಅಂತ ದಿನಾ ಡೈರಿಯಲ್ಲಿ ಬರೆಯುತ್ತಿದ್ದಾರೆ. ಅಕ್ಕ ನನ್ನ ಹಳೇ ರಫ್ ನೋಟ್ ತಗೊಂಡು ಹೋಗಿದ್ದಾಳೆ.

ಇವತ್ತು ಬೆಳಗ್ಗೆ ಐದು ಜನ ಸ್ಟೇಷನ್‌ಗೆ ಹೋಗಿ ಅರ್ಜಿ ಕೊಟ್ಟರು. ಮೊದಲು ತಗೊಳ್ಳಲ್ಲ ಅಂದರಂತೆ. ಆಗ ಒಬ್ಬರು, ಅದೇ ಎರಡು ವರ್ಷದ ಮಗು ಇರೋರು, "ತಗೊಳ್ಳಲ್ಲ ಅಂತಾನೇ ಹಿಂಬರಹ ಬರೆದುಕೊಡಿ ಸಾರ್" ಅಂದಿದ್ದಾರೆ. ಎರಡು ನಿಮಿಷ ಸುಮ್ಮನಿದ್ದು ಸೀಲ್ ಹಾಕಿ ಕೊಟ್ಟರು. ಅಮ್ಮ ಅಕ್ಕನ ಜೊತೆ ಮಾತಾಡ್ತಿದ್ದಾರೆ ಈಗ. ಕೂರೋ ದಿನ ನಾನೂ ಬರ್ತೀನಿ ಅಂತಿದ್ದಾರೆ, ಅದಕ್ಕೆ ಅಕ್ಕ ಬೇಡ ಅಂತ ಬೇರೆ ಜಗಳ ಶುರುವಾಗಿದೆ.

ಒಂದೇ ಡೌಟು. ಸೀಲ್ ಬಿದ್ದ ಪ್ರತಿ ಅಕ್ಕನ ಟಿಫಿನ್ ಬ್ಯಾಗಲ್ಲಿದೆ. ಅಲ್ಲೇ ಇರಬಹುದಾ?

ಕೋರ್ಟ್ ಹಾಲ್ ಹೊರಗೆ:

ಬೇಡ. ಗೇಟಲ್ಲಿ ಬ್ಯಾಗ್ ಚೆಕ್ ಮಾಡುತ್ತಾರೆ. ಇವತ್ತೇ ಮೂರು ಜೆರಾಕ್ಸ್ ಮಾಡಿಸು. ಮೂಲ ಪ್ರತಿ ಅಮ್ಮನ ಪ್ಲಾಸ್ಟಿಕ್ ಕವರ್‌ನಲ್ಲಿ ಇರಲಿ.